ಶಿರಶ್ಛೇದ ಮೀಮಾಂಸೆ ಅಥವಾ ತಾಯಿ ಕಟ್ಟಿದ ಹಸಿರು ಪಟ್ಟಿ

ಡೇವಿಡ್ ಲೋವರಿ ನಿರ್ದೇಶಿಸಿದ ‘ದಿ ಗ್ರೀನ್ ನೈಟ್’ (2021) ಚಿತ್ರದ ಬಗ್ಗೆ ಲೋಕದಲ್ಲಿ ಎರಡು ಪಂಥಗಳಿವೆ. ಅರ್ಥವಾಗಲಿಲ್ಲ ಎನ್ನುವವರದು ಒಂದು. ಅರ್ಥವಾಯಿತು ಎಂದು ಹೇಳಿ, ವಿವರಿಸಿ ಎಂದೊಡನೆ ಕಾಫಿಗೆ ಏಳುವವರದು ಇನ್ನೊಂದು. ಪ್ರಸ್ತುತ ಪ್ರಬಂಧವು ಎರಡನ್ನೂ ಖಂಡಿಸಿ, ಈ ಚಿತ್ರವು ಕೆಲಸವಿಲ್ಲದ ಮಗನಿಗೆ ತಾಯಿಯೊಬ್ಬಳು ತವರಿನ ದರ್ಬಾರಿನಲ್ಲಿ ನೌಕರಿ ಕೊಡಿಸಲು ಹೊರಟ ಕಥೆ ಎಂಬ ಸಿದ್ಧಾಂತವನ್ನು ಸ್ಥಾಪಿಸುತ್ತದೆ.

ಮೊದಲು ಆಕರಶುದ್ಧಿ. ಚಿತ್ರದ ಮೂಲಕಾವ್ಯ 14ನೇ ಶತಮಾನದ ಕೊನೆಯ ಭಾಗದ್ದು. 2530 ಸಾಲು, ಹಸ್ತಪ್ರತಿ ಒಂದೇ ಒಂದು. ರಾಬರ್ಟ್ ಕಾಟನ್ ಎಂಬ ಸಂಗ್ರಾಹಕ ತನ್ನ ಪುಸ್ತಕದ ಕಪಾಟುಗಳ ಮೇಲೆ ರೋಮನ್ ದೊರೆಗಳ ಮೂರ್ತಿಗಳನ್ನಿಟ್ಟು, ಅವರ ಹೆಸರಿನಲ್ಲೇ ಕಪಾಟುಗಳನ್ನು ಗುರುತಿಸಿದ್ದ. ನಮ್ಮ ಕಾವ್ಯ ನೀರೋನ ಪಾಲಿಗೆ ಬಂತು. 1731ರಲ್ಲಿ ಆ ಗ್ರಂಥಭಂಡಾರಕ್ಕೆ ಬೆಂಕಿ ಬಿದ್ದು ಎಷ್ಟೋ ಪ್ರತಿಗಳು ಸುಟ್ಟರೂ ಇದು ಉಳಿಯಿತು. ಪಿಟೀಲಿನವನ ಕೈಯಲ್ಲಿ ಕೊಟ್ಟದ್ದು ಸುಡಲಿಲ್ಲ ಎಂಬುದನ್ನು ಇತಿಹಾಸಕಾರರು ಸಾಕಷ್ಟು ಗಮನಿಸಿಲ್ಲ. 1925ರಲ್ಲಿ ಟೋಲ್ಕಿನ್ ಮತ್ತು ಗಾರ್ಡನ್ ಇದನ್ನು ಪರಿಷ್ಕರಿಸಿ ಪ್ರಕಟಿಸಿದರು. ಟೋಲ್ಕಿನ್ ಮುಂದೆ ಉಂಗುರದ ವ್ಯವಹಾರಕ್ಕೆ ಇಳಿದದ್ದು ಬೇರೆ ವಿಷಯ. ಕವಿಯ ಹೆಸರು ಯಾರಿಗೂ ತಿಳಿಯದು. ಚಿತ್ರವೂ ಅಜ್ಞಾತ ಕವಿಯ ಕೃತಿಯ ರೂಪಾಂತರವೆಂದೇ ಆರಂಭದಲ್ಲಿ ಹೇಳಿಕೊಳ್ಳುತ್ತದೆ. ಸಂಭಾವನೆ ಕೇಳದ, ಕಥೆ ಕೆಡಿಸಿದಿರಿ ಎಂದು ಪತ್ರಿಕೆಗೆ ಬರೆಯದ ಇಂಥ ಲೇಖಕ ನಿರ್ಮಾಪಕರಿಗೆ ಸುಕೃತದಿಂದ ಮಾತ್ರ ಸಿಗುತ್ತಾನೆ.

ಈಗ ಕರಾರು. ಆರ್ಥರ್ ರಾಜನ ಕ್ರಿಸ್‌ಮಸ್ ಊಟದ ನಡುವೆ ಕುದುರೆಯೇರಿ ಬಂದ ಹಸಿರು ವೀರ ಹೇಳುವುದಿಷ್ಟು: ನನಗೆ ಒಂದು ಏಟು ಹಾಕಿ, ವರ್ಷ ಕಳೆದ ಮೇಲೆ ಅದೇ ಏಟನ್ನು ನನ್ನಿಂದ ಪಡೆಯಿರಿ. ಏಟು ಇಷ್ಟೇ ದೊಡ್ಡದಿರಬೇಕೆಂಬ ಷರತ್ತು ಎಲ್ಲಿಯೂ ಇಲ್ಲ. ಕಥಾನಾಯಕ ಗವೇನ್ ಅವನ ಕಿವಿ ಹಿಂಡಿ ಕಳಿಸಿದ್ದರೆ, ಮುಂದಿನ ಕ್ರಿಸ್‌ಮಸ್‌ಗೆ ತಾನೂ ಕಿವಿ ಹಿಂಡಿಸಿಕೊಂಡು ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದಿತ್ತು. ಹುಡುಗ ತಲೆಯನ್ನೇ ಹಾರಿಸಿದ. ವೀರ ತಲೆ ಎತ್ತಿಕೊಂಡು ನಗುತ್ತ ಹೊರಟ. ಸಹಿ ಹಾಕುವ ಮುನ್ನ ಕರಾರು ಓದಬೇಕೆಂಬ ವಿವೇಕ ದುಂಡುಮೇಜಿನ ಸುತ್ತ ಒಬ್ಬರಿಗೂ ಇರಲಿಲ್ಲ.

ಕಾವ್ಯದ ಗವೇನ್ ಆಗಲೇ ಹೆಸರಾಂತ ನೈಟ್, ವಿನಯದ ಮೂರ್ತಿ. ದೇವ್ ಪಟೇಲ್ ಅಭಿನಯಿಸಿದ ಗವೇನ್ ಇನ್ನೂ ನೈಟ್ ಆಗಿಲ್ಲ. ಹಬ್ಬದ ಬೆಳಿಗ್ಗೆ ವೇಶ್ಯಾಗೃಹದಲ್ಲಿ ಏಳುತ್ತಾನೆ. ಸೋದರಮಾವನಾದ ರಾಜ ಪಕ್ಕಕ್ಕೆ ಕೂರಿಸಿಕೊಂಡು ನಿನ್ನದೊಂದು ಕಥೆ ಹೇಳಪ್ಪ ಎಂದರೆ ಹೇಳಲು ಏನೂ ಇಲ್ಲ. ಅನುಭವದ ಕಾಲಂ ಖಾಲಿ. ಅದೇ ರಾತ್ರಿ ತಾಯಿ (ಸರಿತಾ ಚೌಧರಿ) ಮನೆಯಲ್ಲಿ ಮಾಟಕ್ಕೆ ಕುಳಿತಿದ್ದಾಳೆ. ಅತ್ತ ದರ್ಬಾರಿಗೆ ಹಸಿರು ವೀರ ಬರುತ್ತಾನೆ, ಕೈಯಲ್ಲಿ ಒಂದು ಪತ್ರ. ಅದು ಶಿಫಾರಸು ಪತ್ರವಲ್ಲದೆ ಮತ್ತೇನು? ಕಾವ್ಯದಲ್ಲಿ ಈ ಮಾಟ ಮಾಡಿಸಿದವಳು ಗವೇನನ ಚಿಕ್ಕಮ್ಮ ಮಾರ್ಗನ್, ಅದೂ ಅತ್ತಿಗೆಯಾದ ರಾಣಿಯನ್ನು ಹೆದರಿಸಿ ಕೊಲ್ಲಲು. ಲೋವರಿ ತಾಯಿಯನ್ನೂ ಚಿಕ್ಕಮ್ಮನನ್ನೂ ಒಬ್ಬಳನ್ನಾಗಿಸಿ, ನಾದಿನಿ ಅತ್ತಿಗೆಯರ ಜಗಳವನ್ನು ಮಗನ ಭವಿಷ್ಯದ ಚಿಂತೆಯಾಗಿ ಬದಲಿಸಿದ್ದಾರೆ. ಆರು ನೂರು ವರ್ಷಗಳಲ್ಲಿ ಈ ಕಥೆಗೆ ಆದ ಅತಿ ದೊಡ್ಡ ತಿದ್ದುಪಡಿ ಇದೇ ಎಂದು ನಮ್ಮ ಮತ.

ಸಾಕ್ಷ್ಯ ಬೇಕಾದರೆ ಪಟ್ಟಿಯನ್ನು ನೋಡಿ. ಅಪಾಯವನ್ನು ಕರೆಸಿದ ಕೈಯೇ, ಇದು ನಡುವಿನಲ್ಲಿರುವ ತನಕ ನಿನಗೇನೂ ಆಗದು ಎಂದು ಹಸಿರು ಪಟ್ಟಿಯನ್ನೂ ಕಟ್ಟಿ ಕಳಿಸುತ್ತದೆ. ಉಡಿದಾರ ಕಟ್ಟಿಸಿಕೊಂಡು ಬೆಳೆದ ಓದುಗರಿಗೆ ಭಾಷ್ಯ ಬೇಡ. ದಾರಿಯಲ್ಲಿ ಕಳ್ಳರು ಅದನ್ನು ಕಿತ್ತುಕೊಂಡರೂ, ದೂರದ ಕೋಟೆಯ ಒಡತಿಯ ಕೈಯಲ್ಲಿ ಅಂಥದ್ದೇ ಪಟ್ಟಿ ಮತ್ತೆ ಪ್ರತ್ಯಕ್ಷ. (ಆಕೆ ಅದನ್ನು ಕೊಡುವ ದೃಶ್ಯದ ಚರ್ಚೆಯನ್ನು ಮರ್ಯಾದಸ್ಥ ವಿದ್ವಾಂಸರು ಅಡಿಟಿಪ್ಪಣಿಗೆ ತಳ್ಳುತ್ತಾರೆ, ನಮ್ಮಲ್ಲಿ ಅಡಿಟಿಪ್ಪಣಿಗಳಿಲ್ಲ.) ಕಾವ್ಯದಲ್ಲಿ ಆ ದಿನ ಸಿಕ್ಕಿದ್ದನ್ನು ಸಂಜೆ ಒಪ್ಪಿಸುವುದೆಂದು ಕೋಟೆಯ ಯಜಮಾನನೊಡನೆ ಒಪ್ಪಂದ. ಒಡತಿಯಿಂದ ಸಿಕ್ಕ, ಮೂರು ದಿನಕ್ಕೆ ಒಂದು, ಎರಡು, ಮೂರು, ಒಟ್ಟು ಆರು ಮುತ್ತುಗಳ ಲೆಕ್ಕವನ್ನು ಗವೇನ್ ಚಾಚೂ ತಪ್ಪದೆ ಒಪ್ಪಿಸಿ, ಪಟ್ಟಿಯೊಂದನ್ನು ಮುಚ್ಚಿಟ್ಟ. ಕೊನೆಗೆ ಹಸಿರು ವೀರನ ಏಟಿನಿಂದ ಕೊರಳ ಮೇಲೆ ಬಿದ್ದ ಸಣ್ಣ ಗಾಯ ಆ ವ್ಯತ್ಯಾಸಕ್ಕೆ ದಂಡ.

ಇಲ್ಲಿ ಪೂರ್ವಪಕ್ಷಿಯೊಬ್ಬನ ಆಕ್ಷೇಪ: ಆರ್ಥರನ ಸೋದರಳಿಯ ಕಂದುಬಣ್ಣದವನಾಗುವುದು ಹೇಗೆ? ಮರದ ತೊಗಟೆಯ ಮುಖದವನನ್ನು ಒಪ್ಪಿದ್ದಾನೆ, ಮಾತಾಡುವ ನರಿಯನ್ನು ಒಪ್ಪಿದ್ದಾನೆ, ಬೆಟ್ಟದೆತ್ತರದ ಬೆತ್ತಲೆ ಹೆಂಗಸರನ್ನು ಕಣ್ಣು ಮಿಟುಕಿಸದೆ ಒಪ್ಪಿದ್ದಾನೆ. ಖಂಡನೆಗೆ ಶಾಯಿ ದಂಡ.

ಗ್ರಂಥಾಂತರ ಪ್ರಮಾಣ ಒಂದಿದೆ. 2020ರ ಮೇ ತಿಂಗಳಿಗೆ ಗೊತ್ತಾಗಿದ್ದ ಬಿಡುಗಡೆ ಕೋವಿಡ್‌ನಿಂದಾಗಿ 2021ರ ಜುಲೈಗೆ ಹೋಯಿತು. ನಾಯಕನಿಗೆ ಸಿಕ್ಕ ವರ್ಷದ ವಾಯಿದೆ ನಿರ್ದೇಶಕರಿಗೂ ಸಿಕ್ಕಿತು. ಗವೇನ್ ಅದನ್ನು ಕುಡಿದು ಕಳೆದ. ಲೋವರಿ ಚಿತ್ರವನ್ನು ಮತ್ತೆ ಸಂಕಲನ ಮಾಡಿದರು.

ಕೊನೆಯಲ್ಲಿ ಗವೇನ್ ಕೊಡಲಿಯ ಕೆಳಗೆ ಕುಳಿತು, ಓಡಿಹೋದರೆ ಮುಂದೇನು ಎಂಬುದನ್ನು ಹೆಚ್ಚುಕಡಿಮೆ ಮಾತಿಲ್ಲದೆ ಕಾಣುತ್ತಾನೆ: ಕಿರೀಟ, ಕೈಬಿಟ್ಟ ಹೆಂಗಸು, ಯುದ್ಧದಲ್ಲಿ ಸತ್ತ ಮಗ, ಮುತ್ತಿಗೆಯಾದ ಕೋಟೆ. ಅಷ್ಟಾದ ಮೇಲೆ ಪಟ್ಟಿಯನ್ನು ತಾನೇ ಬಿಚ್ಚುತ್ತಾನೆ. ಅಮ್ಮನನ್ನು ಕೇಳದೆ ಅವನು ಕೈಗೊಂಡ ಮೊದಲ ನಿರ್ಧಾರ ಅದು; ನೌಕರಿಗೆ ಅರ್ಹತೆ ಬಂದದ್ದೂ ಆ ಕ್ಷಣದಲ್ಲೇ. ವೀರ ನಗುತ್ತ ಒಂದು ಮಾತು ಹೇಳುತ್ತಾನೆ. ಅದು ತಮಾಷೆಯೋ ತೀರ್ಪೋ ತಿಳಿಯುವ ಮೊದಲೇ ತೆರೆ ಕಪ್ಪಾಗುತ್ತದೆ. ತಲೆ ಹೋಯಿತೆಂದು ಒಂದು ಪಂಥ, ಉಳಿಯಿತೆಂದು ಇನ್ನೊಂದು; ಎರಡೂ ವಾದಿಸುತ್ತ ಪಾರ್ಕಿಂಗ್ ತಲುಪುವಷ್ಟರಲ್ಲಿ ಒಳಗೆ ಹೆಸರುಗಳ ಪಟ್ಟಿ ಮುಗಿದು, ಪುಟ್ಟ ಹುಡುಗಿಯೊಬ್ಬಳು ನೆಲದಲ್ಲಿದ್ದ ಕಿರೀಟವನ್ನೆತ್ತಿ ತಲೆಗಿಟ್ಟುಕೊಂಡಾಗಿತ್ತು. ಯಾರ ಶಿಫಾರಸೂ ಬೇಕಾಗಲಿಲ್ಲ.