ಫಸ್ಟ್ ಇಯರ್ ಪೀಜಿಯ ಕಾಲಮೀಮಾಂಸೆ

ಸರ್ಕಾರಿ ಆಸ್ಪತ್ರೆಯ ಫಸ್ಟ್ ಇಯರ್ ಪೀಜಿ ವಾರಕ್ಕೆ ಎಷ್ಟು ಗಂಟೆ ದುಡಿಯಬೇಕೆಂದು ಶಾಸ್ತ್ರಕಾರರು ತೀರ್ಮಾನಿಸಿ ಬಹಳ ಕಾಲವಾಯಿತು. 1992ರ ಕೇಂದ್ರ ರೆಸಿಡೆನ್ಸಿ ಯೋಜನೆಯ ಪ್ರಕಾರ ವಾರಕ್ಕೆ 48, ಒಂದೇ ಸಮನೆಯಾದರೆ 12. ಆಸ್ಪತ್ರೆಯ ಅಗತ್ಯ ನೋಡಿಕೊಂಡು ಹಿಂದೆಮುಂದೆ ಮಾಡಬಹುದು ಎಂಬ ಸಣ್ಣ ಕಿಂಡಿಯೊಂದನ್ನು ಅದರಲ್ಲಿ ಬಿಟ್ಟಿದ್ದರು. ಇಡೀ ಆಸ್ಪತ್ರೆ ಈಗ ಆ ಕಿಂಡಿಯಲ್ಲೇ ಓಡಾಡುತ್ತಿದೆ. ಸೋಮವಾರ ಬೆಳಗ್ಗೆ ಎಂಟಕ್ಕೆ ಅಡ್ಮಿಷನ್ ಡೇ ಹಿಡಿದವರು ಮಂಗಳವಾರದ ರೌಂಡ್ಸ್, ವಾರ್ಡ್ ಕೆಲಸ ಮುಗಿಸಿ ಸಂಜೆ ನಾಲ್ಕಕ್ಕೆ ಹಾಸ್ಟೆಲ್ ಸೇರಿದರೆ 32 ಗಂಟೆ ಜಮೆ. ಗುರುವಾರ ಮಧ್ಯಾಹ್ನದ ಊಟದ ಹೊತ್ತಿಗೆ ವಾರದ ಕೋಟಾ ಖಾಲಿ. ಊಟ ಮಾತ್ರ ಆಗಿರುವುದಿಲ್ಲ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ನಿಯಮಾವಳಿ ಅಂಕಿಯ ಗೊಡವೆಗೇ ಹೋಗದೆ, ಸಮಂಜಸ ಅವಧಿಯ ಕೆಲಸ, ಸಮಂಜಸ ವಿಶ್ರಾಂತಿ ಎಂದುಬಿಟ್ಟಿತು. ಅಂಕಿಯೇ ಇಲ್ಲದ ಮೇಲೆ ಮೀರುವುದಾದರೂ ಯಾವುದನ್ನು?

ಪರದೇಶದ ಆಚಾರ್ಯರಲ್ಲಿ ಇಬ್ಬರನ್ನು ಗಮನಿಸಬೇಕು. ಇಟಲಿಯ ಫ್ರಾನ್ಸೆಸ್ಕೊ ಚಿರಿಲ್ಲೊ ಟೊಮೆಟೊ ಆಕಾರದ ಅಡುಗೆಮನೆ ಗಡಿಯಾರ ಇಟ್ಟುಕೊಂಡು, 25 ನಿಮಿಷ ಒಂದೇ ಕೆಲಸ ಮಾಡಿ ಆಮೇಲೆ ವಿರಮಿಸಿ ಎಂದ. ಈ 25 ನಿಮಿಷ ಯಾರೂ ಕರೆಯಬಾರದು ಎಂಬ ಷರತ್ತಿರುವುದರಿಂದ ಪದ್ಧತಿಯು ಶವಾಗಾರದಲ್ಲಷ್ಟೇ ಸಾಧು. ಎರಡನೆಯದು ಐಸೆನ್‌ಹೋವರ್ ಹೆಸರಿನಲ್ಲಿ ಚಾಲ್ತಿಯಲ್ಲಿರುವ ನಾಲ್ಕು ಚೌಕಗಳ ಸಿದ್ಧಾಂತ: ತುರ್ತು, ಮುಖ್ಯ, ಎರಡೂ, ಯಾವುದೂ ಅಲ್ಲ. ಇದನ್ನು ವಾರ್ಡಿನಲ್ಲೇ ಪರೀಕ್ಷಿಸಬೇಕು.

ಮಧ್ಯಾಹ್ನ ಮೂರೂವರೆ, ಮೇಲ್ ಮೆಡಿಕಲ್ ವಾರ್ಡ್. ‘ಸ್ಯಾಂಪಲ್ ಹಿಮೊಲೈಸ್ ಆಗಿದೆ, ಮತ್ತೆ ಕಳಿಸಿ’ ಎಂದು ಲ್ಯಾಬಿನಿಂದ ಫೋನು. (ಸೂಜಿ ತೆಗೆಯದೆ ಸಿರಿಂಜನ್ನು ಜೋರಾಗಿ ಒತ್ತಿ ಟ್ಯೂಬಿಗೆ ರಕ್ತ ಬಿಟ್ಟರೆ ಕಣಗಳು ಒಡೆದು ಪೊಟ್ಯಾಸಿಯಂ ಸುಳ್ಳುಸುಳ್ಳೇ ಏರುತ್ತದೆ. ಹೀಗೆ ಉಳಿಸಿದ ಅರ್ಧ ನಿಮಿಷ ಒಂದು ಗಂಟೆಯ ಕೆಲಸವಾಗಿ ವಾಪಸ್ಸು ಬರುತ್ತದೆ.) ಬ್ಲಡ್ ಬ್ಯಾಂಕಿಗೆ ಕ್ರಾಸ್‌ಮ್ಯಾಚ್ ಹೋಗಬೇಕು. ಆಯುಷ್ಮಾನ್ ಕೌಂಟರಿನವರಿಗೆ ಸಹಿ ಬೇಕು, ನಾಲ್ಕಕ್ಕೆ ಬಾಗಿಲು. ಐದನೇ ಬೆಡ್ಡಿನ ಕಡೆಯವರು ಡಿಸ್ಚಾರ್ಜ್ ಸಮ್ಮರಿಗಾಗಿ ಟೇಬಲ್ಲಿಗೇ ಅಂಟಿಕೊಂಡಿದ್ದಾರೆ: ‘ಡಾಕ್ಟ್ರೇ, ನಾಲ್ಕೂವರೆ ಬಸ್ಸು ತಪ್ಪಿದ್ರೆ ಇನ್ನು ನಾಳೇನೇ!’ ಸೆಮಿನಾರಿನ ಸ್ಲೈಡು ಎಲ್ಲಿಗೆ ಬಂತೆಂದು ಯುನಿಟ್ ಚೀಫ್ ವಾಟ್ಸ್ಆ್ಯಪ್ ಮಾಡಿದ್ದಾರೆ. ಅಷ್ಟರಲ್ಲಿ ಸಿಸ್ಟರ್ ದನಿ ತಗ್ಗಿಸಿ, ‘ಡಾಕ್ಟರ್, ಹದಿನಾಲ್ಕನೇ ಬೆಡ್ ಒಂಚೂರು ನೋಡಿಬಿಡಿ’ ಅನ್ನುತ್ತಾರೆ.

ನಾಲ್ಕು ಚೌಕದವರು ಇಲ್ಲಿ ಕೈಚೆಲ್ಲುತ್ತಾರೆ. ಎಲ್ಲವೂ ಒಂದೇ ಚೌಕಕ್ಕೆ ಬಂದು ಬಿದ್ದಿದೆ. ದನಿ ದೊಡ್ಡದಿದ್ದವರಿಗೆ ಮೊದಲ ಮಣೆ ಎಂಬ ಲೋಕಾಚಾರ ಹಿಡಿದರೆ ಬಸ್ಸಿನವರೇ ಗೆಲ್ಲಬೇಕು. ನೆಪೋಲಿಯನ್ ಸೈನ್ಯದ ಶಸ್ತ್ರವೈದ್ಯ ಡೊಮಿನಿಕ್ ಲಾರೆ ಮಾತ್ರ ಪದವಿ ಬದಿಗಿಟ್ಟು, ಗಾಯದ ತೀವ್ರತೆ ನೋಡಿ ಸರದಿ ಹಾಕಿದವನು. ಆತನ ಮತದಂತೆ ಹದಿನಾಲ್ಕೇ ಮೊದಲು: ಉಸಿರಾಟ ನಿಮಿಷಕ್ಕೆ 32, ಬಿಪಿ ಇಳಿಯುತ್ತಿದೆ, ಮನುಷ್ಯ ತುಟಿ ಪಿಟಕ್ಕೆನ್ನುತ್ತಿಲ್ಲ. ಸೆಪ್ಟಿಕ್ ಶಾಕಿನ ಶಂಕೆಯಿದ್ದರೆ ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ಹೋಗಿರಬೇಕು. ಕೂಗಾಡುವವರಿಗೆ ಕೂಗಲು ಉಸಿರಾದರೂ ಇದೆ. ಪೀಜಿ ಹೆದರಬೇಕಾದದ್ದು ಸದ್ದಿಲ್ಲದ ಬೆಡ್ಡಿಗೆ. ಬಸ್ಸಿನವರ ಸಿಟ್ಟೂ ನ್ಯಾಯವಾದದ್ದೇ, ಆದರೆ ಸಿಟ್ಟಿನಿಂದ ಬಿಪಿ ಇಳಿಯುವುದಿಲ್ಲ.

ಇನ್ನು ದೇಹಧರ್ಮ. ಚರಕಸಂಹಿತೆಯ ಸೂತ್ರಸ್ಥಾನದ ಏಳನೇ ಅಧ್ಯಾಯ ತಡೆಯಬಾರದ 13 ವೇಗಗಳನ್ನು ಹೇಳುತ್ತದೆ. ಮೂತ್ರ, ಹಸಿವು, ಬಾಯಾರಿಕೆ, ನಿದ್ದೆಗಳನ್ನು ಪೀಜಿಗಳು ಅಡ್ಮಿಷನ್ ಡೇ ಪೂರ್ತಿ ತಡೆಯುತ್ತಾರೆ; ಆಕಳಿಕೆಯನ್ನು ಚೀಫ್ ಎದುರು, ಕಣ್ಣೀರನ್ನು ರೌಂಡ್ಸ್ ಮುಗಿಯುವ ತನಕ. ಸೀನಿಗೆ ಇನ್ನೂ ಅನುಮತಿ ಉಂಟು.

ಆ್ಯಪುಗಳು ಎಷ್ಟೇ ಬರಲಿ, ಪೀಜಿಗಳ ಪ್ರಮಾಣಗ್ರಂಥ ಏಪ್ರನ್ ಜೇಬಿನಲ್ಲಿ ಮಡಿಸಿಟ್ಟ ಹಾಳೆಯೇ. ಒಂದೊಂದು ಕೆಲಸದ ಮುಂದೆ ಒಂದೊಂದು ಖಾಲಿ ಚೌಕ. ಸ್ಯಾಂಪಲ್ ಕಳಿಸಿದರೆ ಅರ್ಧ ತುಂಬುತ್ತದೆ, ರಿಪೋರ್ಟ್ ಕಣ್ಣಾರೆ ಕಂಡ ಮೇಲಷ್ಟೇ ಪೂರ್ತಿ. ಖಾಲಿ ಚೌಕ ತಾನಾಗಿ ಕಣ್ಣಿಗೆ ಬೀಳುತ್ತದೆ. ಕೆಲಸ ಮುಗಿಯಿತೆಂಬ ಭ್ರಮೆ ಹುಟ್ಟಿಸುವ ಅರ್ಧ ಚೌಕವೇ ಅಪಾಯದ್ದು. ಆದ್ದರಿಂದ ರಾತ್ರಿ ಎಂಟಕ್ಕೆ ಬಂದವರಿಗೆ ಮೊದಲು ಹ್ಯಾಂಡೋವರ್ ಆಗುವುದೂ ಅವೇ: ಹದಿನಾಲ್ಕರ ಲ್ಯಾಕ್ಟೇಟ್ ಮತ್ತೆ ಕಳಿಸಿದೆ, ನೋಡಬೇಕು, ಯೂರಿನ್ ಔಟ್‌ಪುಟ್ ಗಂಟೆಗೊಮ್ಮೆ, ಕ್ರಾಸ್‌ಮ್ಯಾಚ್ ಆದ ರಕ್ತ ತರಿಸಬೇಕು. ಸೆಮಿನಾರಿನ ಸ್ಲೈಡುಗಳು ಹ್ಯಾಂಡೋವರಿಗೆ ಒಳಪಡುವುದಿಲ್ಲ ಎಂಬ ವಿಚಾರದಲ್ಲಿ ಮಾತ್ರ ಎಲ್ಲ ಯುನಿಟ್ಟುಗಳ ವಿದ್ವಾಂಸರಲ್ಲೂ ಒಮ್ಮತವಿದೆ.