ಪಾವತಿ-ಇಚ್ಛಾ ಮೀಮಾಂಸೆ: ನಾಗಪುರದ ನಗರ ಸಾರಿಗೆಯನ್ನು ಕುರಿತು

ಸೇವೆಯೊಂದು ಈಗಿರುವುದಕ್ಕಿಂತ ಉತ್ತಮವಾಗುವುದಾದರೆ ಅದಕ್ಕಾಗಿ ಬಳಕೆದಾರನು ಹೆಚ್ಚೆಂದರೆ ಎಷ್ಟು ಹಣ ಬಿಚ್ಚಲು ಒಪ್ಪುವನೋ ಆ ಮೊತ್ತಕ್ಕೆ ‘ಪಾವತಿ-ಇಚ್ಛೆ’ ಎಂದು ಹೆಸರು. ಈ ಶಾಸ್ತ್ರದ ಆದ್ಯ ಆಚಾರ್ಯನು ಫ್ರಾನ್ಸಿನ ಎಂಜಿನಿಯರ್ ಜೂಲ್ ದ್ಯೂಪ್ವಿ. ಸೇತುವೆಯ ಪ್ರಯೋಜನವನ್ನು ಅದನ್ನು ದಾಟುವವರು ಕೊಡಲು ಸಿದ್ಧರಿರುವ ಸುಂಕದಿಂದಲೇ ಅಳೆಯಬೇಕೆಂದು ಆತನು 1844ರಲ್ಲಿ ಪ್ರತಿಪಾದಿಸಿದನು. ಸೇತುವೆಯು ಕಟ್ಟಿದ ಜಾಗದಲ್ಲೇ ಇರುವ ವಸ್ತುವಾದ್ದರಿಂದ ಆತನ ಕೆಲಸ ಸುಲಭವಾಯಿತು. ನಾಗಪುರ ಮಹಾನಗರ ಪಾಲಿಕೆಯ ‘ಆಪಲಿ ಬಸ್’ ಎಂಬ ಚರವಸ್ತುವಿಗೆ ಈ ಸಿದ್ಧಾಂತವನ್ನು ಅನ್ವಯಿಸುವವರು ಮೊದಲು ಅದರ ಅಸ್ತಿತ್ವವನ್ನೇ ಸ್ಥಾಪಿಸಬೇಕಾಗುತ್ತದೆ.

ಅಸ್ತಿತ್ವ ನಿರ್ಣಯಕ್ಕೆ ಭಾರತೀಯ ದರ್ಶನಗಳು ಒದಗಿಸುವ ಪ್ರಮಾಣಗಳೇ ಸಾಕು. ಬಸ್ಸನ್ನು ಕಣ್ಣಾರೆ ಕಾಣುವುದು ಪ್ರತ್ಯಕ್ಷ. ನಿಲ್ದಾಣದ ಜನರೆಲ್ಲ ಒಮ್ಮೆಲೇ ಚೀಲ ಎತ್ತಿಕೊಂಡದ್ದರಿಂದ ಬಸ್ಸು ಬರುತ್ತಿದೆಯೆಂದು ತಿಳಿಯುವುದು ಅನುಮಾನ. ಪಾನ್ ಅಂಗಡಿಯವನು ‘ಈಗಷ್ಟೇ ಹೋಯಿತು’ ಎನ್ನುವುದು ಶಬ್ದ. ಇವು ಮೂರೂ ಸೋತಲ್ಲಿ ಭಾಟ್ಟ ಮೀಮಾಂಸಕರು ಒಪ್ಪುವ ಅನುಪಲಬ್ಧಿ, ಎಂದರೆ ಕಾಣದಿರುವುದರಿಂದಲೇ ಇಲ್ಲವೆಂದು ಅರಿಯುವುದು, ನೆರವಿಗೆ ಬರುತ್ತದೆ. ಪ್ರಯಾಣಿಕರಲ್ಲಿ ಹೆಚ್ಚಿನವರು ಶಾಸ್ತ್ರ ಓದದೆಯೂ ಈ ಕೊನೆಯ ಪ್ರಮಾಣದಲ್ಲಿ ನಿಷ್ಣಾತರಾಗಿದ್ದಾರೆ.

ಪಾವತಿ-ಇಚ್ಛೆಯನ್ನು ಅಳೆಯಲು ರೂಢಿಯಲ್ಲಿರುವ ಉಪಕರಣ ಪ್ರಶ್ನಾವಳಿ. ಕಾಯುವ ಹೊತ್ತು ಹತ್ತು ನಿಮಿಷ ಕಡಿಮೆಯಾದರೆ ಎಷ್ಟು ಹೆಚ್ಚು ಕೊಡುವಿರಿ, ಸೀಟು ಖಚಿತವಾದರೆ ಎಷ್ಟು, ಎಂದು ಸಮೀಕ್ಷಕನು ಪೆನ್ನು ಹಿಡಿದು ಕೇಳುತ್ತಾನೆ. ಉತ್ತರಿಸುವವನ ಬಾಯಿ ಸಮೀಕ್ಷಕನ ಕಡೆಗಿದ್ದರೂ ಕಣ್ಣು ರಸ್ತೆಯ ತಿರುವಿನಲ್ಲಿರುತ್ತದೆ, ಮೂರನೆಯ ಪ್ರಶ್ನೆಗೆ ಬರುವಷ್ಟರಲ್ಲಿ ಕೆಂಪು ಬಸ್ಸೊಂದು ಕಂಡರೆ ಆತನು ವಾಕ್ಯವನ್ನು ಅರ್ಧಕ್ಕೇ ಬಿಟ್ಟು ಓಡುತ್ತಾನೆ. ‘ಉತ್ತರವಿಲ್ಲ’ ಎಂಬ ಕಲಮಿನಲ್ಲಿ ದಾಖಲಾಗುವ ಈ ಓಟವೇ ಇಡೀ ಸಮೀಕ್ಷೆಯ ಅತ್ಯಂತ ಪ್ರಾಮಾಣಿಕ ಉತ್ತರವೆಂಬುದು ಪ್ರಸ್ತುತ ಪ್ರಬಂಧದ ನಿಲುವು.

ಪ್ರಯಾಣಿಕನು ಉತ್ತಮ ಸೇವೆಗೆ ಹಣ ಕೊಡಲಾರನೆಂಬುದು ಪೂರ್ವಪಕ್ಷ. ಇದು ನಿಲ್ಲದು, ಆತನು ಈಗಾಗಲೇ ಕೊಡುತ್ತಿದ್ದಾನೆ, ನಾಣ್ಯ ಮಾತ್ರ ಬೇರೆ. ಸೀತಾಬರ್ಡಿಯ ಮೋರ್ ಭವನ ನಿಲ್ದಾಣದಿಂದ ಹೊರಡುವ ಬಸ್ಸಿನ ಕಿಟಕಿಯಲ್ಲಿ ಕೈ ತೂರಿಸಿ ಸೀಟಿನ ಮೇಲೆ ಕರವಸ್ತ್ರ ಎಸೆಯುವ ಕ್ರಿಯೆಯನ್ನು ಇಲ್ಲಿ ‘ವಸ್ತ್ರನಿಕ್ಷೇಪ’ ಎನ್ನಲಾಗಿದೆ. ಕರ್ನಾಟಕದಲ್ಲಿ ಟವೆಲ್ ಹಾಕುವುದೆಂದು ಪ್ರಸಿದ್ಧವಾದ ಈ ವಿಧಿಯಲ್ಲಿ ಬಟ್ಟೆಯ ಬೆಲೆ ಮುಖ್ಯವಲ್ಲ. ಅದನ್ನು ಎಸೆದವನು ಬಾಗಿಲಲ್ಲಿ ಹತ್ತು ಮೊಣಕೈಗಳನ್ನು ದಾಟಿ ಒಳಬರುವವರೆಗೆ ಸೀಟು ಆತನದೇ ಎಂಬ ಒಪ್ಪಂದ ಯಾವ ಮೋಟಾರು ಕಾಯಿದೆಯಲ್ಲೂ ಇಲ್ಲದೆ ಜಾರಿಯಲ್ಲಿರುವುದೇ ಮುಖ್ಯ. ಯಾರೋ ಕರವಸ್ತ್ರವನ್ನು ಎರಡು ಬೆರಳಲ್ಲಿ ಎತ್ತಿ ಪಕ್ಕಕ್ಕಿಟ್ಟು ಕುಳಿತರೆ ಹುಟ್ಟುವ ವ್ಯಾಜ್ಯದಲ್ಲಿ ಕಂಡಕ್ಟರನು ತೀರ್ಪು ಕೊಡುವುದಿಲ್ಲ, ‘ಪುಢೆ ಸರ್ಕಾ’ ಎನ್ನುತ್ತಾನೆ. ಮುಂದಕ್ಕೆ ಸರಿಯಿರೆಂಬ ಈ ಆಜ್ಞೆಯು ಬಸ್ಸಿನ ಮುಂಭಾಗ ಸದಾ ಖಾಲಿಯೆಂಬ ತತ್ವವನ್ನು ಆಧರಿಸಿದೆ; ಮುಂಭಾಗದಲ್ಲಿ ನಿಂತವರಿಗೆ ಮಾತ್ರ ಅದರ ಸಾಕ್ಷಾತ್ಕಾರ ಇನ್ನೂ ಆಗಿಲ್ಲ.

ದ್ಯೂಪ್ವಿಯ ಇನ್ನೊಂದು ಮಾತು ಇಲ್ಲಿ ಪ್ರಸ್ತುತ. ಅಂದಿನ ರೈಲ್ವೆ ಕಂಪನಿಗಳು ಮೂರನೆಯ ದರ್ಜೆಯ ಬೋಗಿಗಳಿಗೆ ಸೂರು ಹಾಕದಿದ್ದುದು ಖರ್ಚಿನ ಭಯಕ್ಕಲ್ಲ, ಎರಡನೆಯ ದರ್ಜೆಗೆ ಕೊಡಬಲ್ಲವರು ಮೂರನೆಯದರಲ್ಲಿ ನುಸುಳಬಾರದೆಂಬ ಉದ್ದೇಶಕ್ಕೆ ಎಂದು ಆತನು ಕಂಡುಕೊಂಡನು. ನಾಗಪುರದಲ್ಲಿ ನೆರಳಿಲ್ಲದ ನಿಲ್ದಾಣಗಳ ಹಿಂದೆ ಇಂಥ ಚಾಣಾಕ್ಷತನವಿದೆಯೆಂದು ಆರೋಪಿಸುವುದು ಆಡಳಿತದ ಮೇಲೆ ಅನಗತ್ಯ ಗೌರವ ಹೊರಿಸಿದಂತೆ. ಆದರೂ 2013ರ ಮೇ ತಿಂಗಳಲ್ಲಿ 47.9 ಡಿಗ್ರಿ ಕಂಡ ಊರಿನಲ್ಲಿ ಬಿಸಿಲೇ ಆ ಕೆಲಸವನ್ನು ಸಂಬಳವಿಲ್ಲದೆ ಮಾಡುತ್ತದೆ: ಕೊಡಬಲ್ಲವನು ಶೇರ್ ಆಟೋ ಹತ್ತುತ್ತಾನೆ, ಇನ್ನೂ ಕೊಡಬಲ್ಲವನು 2019ರಿಂದ ಮೆಟ್ರೋ ಹಿಡಿಯುತ್ತಾನೆ.

ಗುಣಮಟ್ಟವನ್ನೇ ಮುಂದಿಟ್ಟ ಪ್ರಯೋಗ ನಡೆಯಲಿಲ್ಲವೆಂದಲ್ಲ. 2014ರಲ್ಲಿ ಸ್ಕ್ಯಾನಿಯಾ ಕಂಪನಿಯ ಹವಾನಿಯಂತ್ರಿತ ಹಸಿರು ಬಸ್ಸು ಎಥನಾಲ್ ಬಲದಿಂದ ಇಲ್ಲಿ ಓಡಿತು. ಎಥನಾಲ್ ಎಂದರೆ ಕಬ್ಬಿನ ಕಾಕಂಬಿ ಮುಂತಾದವುಗಳಿಂದ ಇಳಿಸುವ ಮದ್ಯಸಾರ. ಅದುವರೆಗೆ ಬಸ್ಸಿನಲ್ಲಿ ಅದನ್ನು ಹೊಟ್ಟೆಗಿಳಿಸಿಕೊಂಡು ಪಯಣಿಸುವ ಹಕ್ಕು ಕೆಲವು ಪ್ರಯಾಣಿಕರಿಗಷ್ಟೇ ಇತ್ತು. 2018ರಲ್ಲಿ ಆ ಸೇವೆ ನಿಂತಿತು, ಪ್ರಯಾಣಿಕನ ಇಚ್ಛೆಯನ್ನು ಕೇಳಿಯಲ್ಲ. ಕರ್ನಾಟಕವು 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರ ಟಿಕೆಟ್ ದರವನ್ನು ಸೊನ್ನೆಗಿಳಿಸಿ ಈ ಶಾಸ್ತ್ರವನ್ನೇ ಗೊಂದಲಕ್ಕೆ ತಳ್ಳಿತು; ಅಲ್ಲಿ ಈಗ ಗುಣಮಟ್ಟಕ್ಕೆ ಕೊಡುವ ಬೆಲೆಯೆಂದರೆ ನಿಂತುಕೊಳ್ಳುವ ಸಹನೆ.

ಆದುದರಿಂದ ಸಿದ್ಧಾಂತವಿಷ್ಟು: ನಾಗಪುರದ ಪ್ರಯಾಣಿಕನ ಪಾವತಿ-ಇಚ್ಛೆ ತಿಳಿಯಬೇಕಾದರೆ ಬಸ್ ನಿಲ್ದಾಣದಲ್ಲಿ ಪ್ರಶ್ನಾವಳಿ ಹಂಚಬೇಕಾಗಿಲ್ಲ, ಸ್ಕೂಟರ್ ಮಾರುವ ಅಂಗಡಿಯ ಕಂತಿನ ಪುಸ್ತಕ ನೋಡಿದರೆ ಸಾಕು. ಹೊತ್ತಿಗೆ ಸರಿಯಾಗಿ ಹೊರಡುವ, ಸೀಟು ಖಚಿತವಾದ ವಾಹನಕ್ಕೆ ಜನರು ತಿಂಗಳಿಗೆ ಎಷ್ಟು ಕೊಡುತ್ತಾರೆಂಬುದು ಅಲ್ಲಿ ರೂಪಾಯಿಗಳಲ್ಲೇ ಬರೆದಿದೆ. ಅದರಲ್ಲಿ ಒಂದು ಪೈಸೆಯೂ ಪಾಲಿಕೆಯ ಸಾರಿಗೆ ಖಾತೆಗೆ ಜಮೆಯಾಗುವುದಿಲ್ಲ.