ಪ್ಯಾಟ್ಯಾಗ ಕುಂತ ನೋಡೂದಂದ್ರ

ಅಕ್ಕಾರ, ಸ್ವಲ್ಪ ಬೇಲಿ ಕಡೆ ಬರ್ರಿ. ಒಲಿ ಮ್ಯಾಲ ಬ್ಯಾಳಿ ಇಟ್ಟೀನಿ, ಭಾಳ ಹೊತ್ತ ನಿಂದ್ರೂದಿಲ್ಲ. ನಿನ್ನೆ ಸೊಸಿ ಕೂಡ ಹಾರೂಗೇರಿಗೆ ಹೋಗಿದ್ನೆಲ್ರಿ, ದೀಪಾವಳಿ ಸಂತಿಗೆ? ಅಕಿ ಸೀರಿ ಅಂಗಡಿ ಹೊಕ್ಕಳು. ನಾ ಮೊಣಕಾಲ ನೋಯ್ತಾವಂತ ಹೊರಗ ಕಟ್ಟಿ ಮ್ಯಾಲ ಕುಂತೆ.

ಕಟ್ಟಿ ತುಂಬ ಗಂಡಸರ ರೀ. ಒಬ್ಬೊಬ್ಬರ ತೊಡಿ ಮ್ಯಾಲ ಒಂದೊಂದ ವ್ಯಾನಿಟಿ ಬ್ಯಾಗ. ಕಾಲವಿ ನೀರಿಗೆ ರಾತ್ರಿ ಎದ್ದ ಗುದ್ದಾಡೂ ಮಂದಿ, ಹೆಂಡ್ತಿ ಚೀಲ ಕಾಯ್ಕೋತ ಸುಮ್ಮನ ಕುಂತಾರ! ಒಳಗಿಂದ ಯಾರೋ ‘ರೀ’ ಅಂದ್ರು. ಮೂರ ಮಂದಿ ಒಮ್ಮೆಲೆ ಎದ್ದ ನಿಂತ್ರು.

ಬಾಜೂಕ ರೆಡಿಮೇಡ್ ಅಂಗಡಿ. ಧೋತರ, ಬಿಳಿ ಟೋಪಿಗಿ ಹಾಕ್ಕೊಂಡ ಒಬ್ಬ ಅಜ್ಜ ಮೊಮ್ಮಗಗ ಅಂಗಿ ತಗೋಳಾಕ ಬಂದಿದ್ದ. ಅಂಗಡ್ಯಾವ ‘ಹುಡುಗಗ ಎಷ್ಟ ವರ್ಷರಿ?’ ಅಂದ. ಅಜ್ಜ ವರ್ಷ ಹೇಳಲಿಲ್ಲ. ಕಿಸೆದಾಗಿಂದ ಸುತ್ತಿದ ದಾರ ತಗದ. ಎರಡ ಗಂಟ ಹಾಕಿದ್ದ: ಒಂದು ಹೆಗಲಿಂದು, ಒಂದು ಉದ್ದದ್ದು. ಅಂಗಿ ಬೆನ್ನ ಮ್ಯಾಲ ದಾರ ಇಟ್ಟ ಅಳದ, ಮ್ಯಾಲ ನಾಕ ಬಟ್ಟ ಇಟ್ಟ, ‘ಇಷ್ಟ ದೊಡ್ಡದ ಕೊಡು’ ಅಂದ. ಮುಂದಿನ ದೀಪಾವಳಿಗೂ ಬರಬೇಕಲ್ರಿ! ಚಪ್ಪಲಿಗೆ ಬ್ಯಾರೆ ಕಸಬರಗಿ ಕಡ್ಡಿ ಮುರದ ತಂದಿದ್ದ. ನಮ್ಮಪ್ಪನೂ ಹಿಂಗ ತರ್ತಿದ್ದ, ಪಂಚಮಿ ತನಕಾ ಚಪ್ಪಲ್ಯಾಗ ಕಾಲು ಜಾರತಿದ್ದು.

ಇನ್ನ ಕಾಲೇಜ ಹುಡುಗ್ಯಾರು. ಗುಳೇದಗುಡ್ಡದ ಖಣ ನಾವು ಕುಬಸಕ್ಕ ಅಂತ ಮುಚ್ಚಿಟ್ಟಿದ್ವಿ. ಇವರು ಅದರಾಗ ಉದ್ದನ ಗೌನ ಹೊಲಿಸ್ಯಾರ. ಛಲೋ ಕಾಣ್ತಾರ, ಸುಳ್ಳ ಯಾಕ ಹೇಳ್ಲಿ.

ಆದ್ರ ಖರೇ ನೋಡೂದೇನು ಗೊತ್ತೇನ್ರಿ? ರೊಕ್ಕ ಕೊಡೂ ಹೊತ್ತು. ನೋಟ ಎಣಸಾವ ಒಬ್ಬ, ಕಣ್ಣಾಗ ಸನ್ನಿ ಮಾಡಿ ‘ಬರಕೋರಿ’ ಅನ್ನಾವ ಹತ್ತ ಮಂದಿ. ಕಬ್ಬ ಇನ್ನಾ ಹೊಲದಾಗ ಐತಿ, ಬಿಲ್ಲ ಎಲ್ಲಿಂದ ಬರಬೇಕು? ಕಬ್ಬ ಹಾಕಿದ 14 ದಿನದಾಗ ಫ್ಯಾಕ್ಟರಿ ರೊಕ್ಕ ಕೊಡಬೇಕಂತ 1966ರ ಸರಕಾರಿ ಆದೇಶ ಐತೆಂತ ನಮ್ಮವರು ಹೇಳ್ತಿರತಾರ. 2025ರಾಗೂ ದೀಪಾವಳಿ ಆದಮ್ಯಾಲ ನಮ್ಮ ರೈತರು ಗುರ್ಲಾಪುರ ಕ್ರಾಸಿನ್ಯಾಗ ಧರಣಿ ಕುಂತ ಮ್ಯಾಲಲ್ರಿ ಟನ್ನಿಗೆ 3,300 ರೂಪಾಯಿ ಅಂತ ಸರಕಾರ ಹೇಳಿದ್ದು? ಅಷ್ಟೊತ್ತಿಗೆ ಹಬ್ಬ ಉದ್ರಿ ಮ್ಯಾಲ ಮುಗದಿತ್ತು. ಪಾಡ್ಯಕ್ಕ ಅಂಗಡ್ಯಾವರು ಲೆಕ್ಕದ ವಹಿ ಪೂಜಿ ಮಾಡ್ತಾರ ನೋಡ್ರಿ, ಅದರಾಗ ನಮ್ಮ ಹೆಸರs ಇರ್ತಾವ. ಅರಿಷಿಣ ಕುಂಕುಮ ಬೀಳೂದು ನಮಗ!

ಅದಕ್ಕs ಹಾರೂಗೇರ್ಯಾಗ ತಗೋಳಾಕ ಮಂದಿಗೆ ಸಂಕೋಚ. ಅರ್ಧ ಊರು ಅಲ್ಲೇ ಇರತೈತಿ. ಯಾರ ಚೀಲ ಎಷ್ಟ ಉಬ್ಬೈತಿ, ಯಾರು ಉದ್ರಿ ಹೇಳಿದ್ರು, ಅವರು ಬಸ್ಸ ಇಳಿಯೂದ್ರಾಗ ನಮ್ಮೂರು ಅಲಖನೂರಿಗೆ ಗೊತ್ತ. ರೊಕ್ಕ ಇದ್ದಾವ ಸೀದಾ ಕುಡಚಿಗೆ ಹೋಗಿ ರೈಲ ಹತ್ತತಾನ. ಉಗಾರ, ಶೇಡಬಾಳ ದಾಟಿದ್ರ ಮಿರಜ. ಅಲ್ಲಿ ಅಗ್ಗ ಅಂತ ಹೇಳೂದ ಬಾಯಿಮಾತು. ನೋಡಾವರಿಲ್ಲ, ಅದು ಖರೇ.

ಇಲ್ಲ ಅಂದ್ಕೋತಾರ ಅಷ್ಟ! ಹ್ವಾದ ಸರತಿ ನಾನೂ ನಮ್ಮವರೂ ಮಿರಜದ ಸೀರಿ ಅಂಗಡಿ ಹೊಕ್ಕಿವಿ. ಗಾದಿ ಮ್ಯಾಲ ನಮ್ಮ ಹಿಂದಿನ ಓಣಿ ವೈನಿ, ಅವರ ಅವ್ವಾ, ಇಬ್ಬರು ಹೆಣ್ಣಮಕ್ಕಳು. ನಮ್ಮನ್ನ ನೋಡೂತ್ಲೆ ವೈನಿ ಮಾರಿ ಸಣ್ಣದಾತು. ಮಿರಜದಾಗ ವಾನ್ಲೆಸ್ ಸಾಹೇಬ್ರು 1894ರಾಗ ದವಾಖಾನಿ ಹಾಕಿದಾಗಿಂದ ನಮ್ಮ ಕಡೆ ಮಂದಿಗೆ ಒಂದ ನೆವ ಸಿದ್ಧ ಐತಲ್ರಿ. ‘ಅವ್ವಗ ಆರಾಮಿರಲಿಲ್ಲ, ತೋರಸಾಕ ಬಂದಿದ್ವಿ’ ಅಂದ್ರು. ಆರಾಮಿಲ್ಲದ ಅವ್ವಾ ಕೈಯಾಗ ಇಳಕಲ್ ಸೀರಿ ಸೆರಗ ಹಿಡದ, ‘ಇದರಾಗ ಹಸರ ಇಲ್ಲೇನೋ ತಮ್ಮಾ?’ ಅಂತ ಒದರಾಕತ್ತಿದ್ಲು.

ನಾವೇನಂದ್ವಿ ಅಂತೀರಿ? ನಮ್ಮವರು ಜ್ವಾಕಿಲೆ ನನ್ನ ಮೊಣಕಾಲ ತೋರಿಸಿದ್ರು.